ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ?



ಮಂಗಳೂರಿನಲ್ಲಿ ಕಡಲ ಕಾನೂನಿನ ಸಮ್ಮೇಳನ ನಡೆದರೆ ಅಧ್ಯಕ್ಷನಾದವನು ಬುಲ್ ಟ್ರಾಲಿಂಗ್ ಬಗ್ಗೆಯೋ ಕಡಲ್ಕೊರೆತದ ಬಗ್ಗೆಯೋ ಮಾತಾಡುವುದು ರೂಢಿ. ಅಂಟಾರ್ಕ್ಟಿಕದ ಸಮುದ್ರದಲ್ಲಿ ವನ್ಯಜೀವಿ ಕಾನೂನು ಜಾರಿಯಾಗುವ ಬಗೆ ನನ್ನ ವಿಷಯ ಎಂದಾಗ ಸ್ವಾಗತ ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭೂಪಟ ತೆಗೆದು ನೋಡಿ ಎಂದೆ. ಈ ಊರಿನ ರೇಖಾಂಶ ಹಿಡಿದು ನೇರ ದಕ್ಷಿಣಕ್ಕೆ ಇಳಿದರೆ ಮಾಲ್ಡೀವ್ಸ್ ಬಲಗಡೆಗೆ ಉಳಿಯುತ್ತದೆ, ಆಮೇಲೆ ಬರೀ ನೀರು. ಆ ಗೆರೆಗೆ ತೀರಾ ಹತ್ತಿರದ ನೆಲ ಆಸ್ಟ್ರೇಲಿಯಾಕ್ಕೆ ಸೇರಿದ ಹರ್ಡ್ ದ್ವೀಪ, ಅದರ ವಾಯವ್ಯಕ್ಕೆ ಫ್ರಾನ್ಸಿನ ಕೆರ್ಗೆಲೆನ್. ಇನ್ನೂ ಕೆಳಗೆ ಹೋದರೆ ಪ್ರಿಡ್ಜ್ ಕೊಲ್ಲಿ. ಅಲ್ಲಿ 2012ರಿಂದ ನಮ್ಮ ‘ಭಾರತಿ’ ನಿಲ್ದಾಣವಿದೆ. ಅದರ ರೇಖಾಂಶ ಹೆಚ್ಚುಕಡಿಮೆ ಹಾಸನದ್ದೇ. ಹಾಗಾಗಿ ನಾನು ಇಂದು ಆಡುವ ಮಾತು ನಮ್ಮದೇ ಕಡಲಿನ ಆಚೆ ತುದಿಯದು.

ಹರ್ಡ್ ದ್ವೀಪದಿಂದಲೇ ಶುರು ಮಾಡುತ್ತೇನೆ. 2003ರ ಆಗಸ್ಟ್ 7ರಂದು ಆಸ್ಟ್ರೇಲಿಯಾದ ಗಸ್ತು ಹಡಗು ‘ಸದರ್ನ್ ಸಪೋರ್ಟರ್’ ಅಲ್ಲಿ ಉರುಗ್ವೆ ಧ್ವಜದ ‘ವಿಯಾರ್ಸಾ 1’ ಎಂಬ ಮೀನುಗಾರಿಕೆ ಹಡಗನ್ನು ಕಂಡಿತು. ನಿಲ್ಲು ಎಂದರೆ ನಿಲ್ಲಲಿಲ್ಲ. ಮಂಜುಗಡ್ಡೆಯ ನಡುವೆ, ಬಿರುಗಾಳಿಯಲ್ಲಿ, 21 ದಿನ, ಸುಮಾರು 3,900 ನಾಟಿಕಲ್ ಮೈಲು ಬೆನ್ನಟ್ಟಿದರು. ಕೊನೆಗೆ ದಕ್ಷಿಣ ಆಫ್ರಿಕಾದ ಮತ್ತು ಫಾಕ್‌ಲ್ಯಾಂಡ್ಸ್‌ನ ಹಡಗುಗಳ ನೆರವಿನಿಂದ ಅಟ್ಲಾಂಟಿಕ್‌ನಲ್ಲಿ ಅದನ್ನು ಹಿಡಿದರು. ಒಳಗೆ ಸುಮಾರು 97 ಟನ್ ಪೆಟಗೋನಿಯನ್ ಟೂತ್‌ಫಿಶ್ ಇತ್ತು. ಅಮೆರಿಕದ ಹೋಟೆಲುಗಳಲ್ಲಿ ‘ಚಿಲಿಯನ್ ಸೀ ಬಾಸ್’ ಎಂಬ ಹೆಸರಿನಲ್ಲಿ ಮಾರಾಟವಾಗುವ, ಐವತ್ತು ವರ್ಷದವರೆಗೆ ಬದುಕಬಲ್ಲ, ನಿಧಾನವಾಗಿ ಬೆಳೆಯುವ ಮೀನು ಅದು.

ಪ್ರಕರಣ ಪರ್ತ್‌ನ ನ್ಯಾಯಾಲಯಕ್ಕೆ ಹೋಯಿತು. ಮೊದಲ ವಿಚಾರಣೆಯಲ್ಲಿ ಜ್ಯೂರಿಗೆ ಒಮ್ಮತಕ್ಕೆ ಬರಲಾಗಲಿಲ್ಲ. ಎರಡನೆಯದರಲ್ಲಿ, 2005ರ ನವೆಂಬರಿನಲ್ಲಿ, ಆರೋಪಿಗಳೆಲ್ಲ ಖುಲಾಸೆ. ಆ ಮೀನನ್ನು ಆಸ್ಟ್ರೇಲಿಯಾದ ವಲಯದ ಒಳಗೇ ಹಿಡಿದದ್ದು ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸಲು ಆಗಲಿಲ್ಲ. ಕ್ರಿಮಿನಲ್ ಕೋರ್ಟಿನಲ್ಲಿ ನಿಂತ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಓಡಿದ್ದು ಅನುಮಾನಕ್ಕೆ ಕಾರಣವಾಗಬಹುದು, ಅಷ್ಟಕ್ಕೇ ಅಪರಾಧ ರುಜುವಾಗುವುದಿಲ್ಲ.

ಇನ್ನೊಂದು ಬೆನ್ನಟ್ಟುವಿಕೆ ಇದಕ್ಕಿಂತ ಪ್ರಸಿದ್ಧ. ನೈಜೀರಿಯಾದ ಧ್ವಜ ಹಾರಿಸುತ್ತಿದ್ದ ‘ಥಂಡರ್’ ಎಂಬ ಕಳ್ಳ ಮೀನುಗಾರಿಕೆ ಹಡಗಿನ ಮೇಲೆ 2013ರಲ್ಲೇ ಇಂಟರ್‌ಪೋಲ್ ನೋಟಿಸ್ ಇತ್ತು. 2014ರ ಡಿಸೆಂಬರಿನಲ್ಲಿ ಅದನ್ನು ಪತ್ತೆ ಹಚ್ಚಿ 110 ದಿನ ಹಿಂಬಾಲಿಸಿದ್ದು ಯಾವ ಸರ್ಕಾರವೂ ಅಲ್ಲ, ಸೀ ಶೆಫರ್ಡ್ ಎಂಬ ಖಾಸಗಿ ಸಂಸ್ಥೆ. ನೈಜೀರಿಯಾ ನಡುವೆಯೇ ಅದನ್ನು ತನ್ನ ಪಟ್ಟಿಯಿಂದ ತೆಗೆದುಹಾಕಿತು. 2015ರ ಏಪ್ರಿಲ್ 6ರಂದು ಸಾವೊ ಟೋಮೆ ದ್ವೀಪದ ಬಳಿ ಹಡಗು ಮುಳುಗಿತು. ಬೆನ್ನಟ್ಟಿದವರೇ ಅದರ ಸಿಬ್ಬಂದಿಯನ್ನು ಕಾಪಾಡಿದರು. ಸಾವೊ ಟೋಮೆಯ ನ್ಯಾಯಾಲಯ ಕ್ಯಾಪ್ಟನ್‌ಗೂ ಇಬ್ಬರು ಎಂಜಿನಿಯರುಗಳಿಗೂ ಜೈಲು ವಿಧಿಸಿತು, ಒಂದೂವರೆ ಕೋಟಿ ಯೂರೊ ದಂಡ ಹಾಕಿತು. ಯಾವ ಅಪರಾಧಕ್ಕೆ ಗೊತ್ತೆ? ಸಮುದ್ರ ಮಾಲಿನ್ಯ, ನಕಲಿ ದಾಖಲೆ ಇಂಥವಕ್ಕೆ. ದಕ್ಷಿಣ ಸಾಗರದಲ್ಲಿ ಹಿಡಿದ ಒಂದು ಮೀನಿಗೂ ಆ ನ್ಯಾಯಾಲಯದಲ್ಲಿ ಯಾರೂ ಉತ್ತರಿಸಬೇಕಾಗಿ ಬರಲಿಲ್ಲ.

ಈ ಕಥೆಗಳ ಮೇಲೆ ಪುಸ್ತಕಗಳು ಬಂದಿವೆ, ಸಾಕ್ಷ್ಯಚಿತ್ರಗಳು ಬಂದಿವೆ. ನಾನೂ ಆಸೆಯಿಂದ ನೋಡಿದವನೇ. ಆದರೆ ವಕೀಲನಾಗಿ ಹೇಳುವುದಾದರೆ ಧ್ರುವ ಸಮುದ್ರದ ಕಾನೂನು ಉಳಿಯುವುದೂ ಸಾಯುವುದೂ ಅಲೆಗಳ ಮೇಲಲ್ಲ. ಹಿಡಿದದ್ದನ್ನು ಬರೆದುಕೊಳ್ಳುವ ಪುಸ್ತಕ ಯಾರ ಕೈಯಲ್ಲಿದೆ, ಅದನ್ನು ತನಿಖೆ ಮಾಡುವವನ ಸಂಬಳ ಯಾರು ಕೊಡುತ್ತಾರೆ ಎಂಬಲ್ಲಿ ಅದು ತೀರ್ಮಾನವಾಗುತ್ತದೆ.

ಇದಕ್ಕೆ ದೊಡ್ಡ ಸಾಕ್ಷಿ ತಿಮಿಂಗಿಲಗಳದ್ದು, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1946ರಲ್ಲಿ ತಿಮಿಂಗಿಲ ಬೇಟೆಯನ್ನು ನಿಯಂತ್ರಿಸುವ ಒಪ್ಪಂದವಾಯಿತು. ಕಾನೂನು ಕೆಟ್ಟದ್ದಾಗಿರಲಿಲ್ಲ: ಋತು, ಮಿತಿ, ಕನಿಷ್ಠ ಅಳತೆ, ಮರಿ ಇರುವ ತಾಯಿಯನ್ನು ಕೊಲ್ಲಬಾರದೆಂಬ ನಿಯಮ, ಪ್ರತಿ ಕಾರ್ಖಾನೆ ಹಡಗಿನಲ್ಲೂ ಇನ್ಸ್‌ಪೆಕ್ಟರ್, ಎಲ್ಲವೂ ಇದ್ದವು. ಆ ಇನ್ಸ್‌ಪೆಕ್ಟರ್ ಮಾತ್ರ ಹಡಗಿನ ದೇಶದವನೇ. ಸೋವಿಯತ್ ಒಕ್ಕೂಟದ ಹಡಗುಗಳಲ್ಲಿ ಎರಡು ಬಗೆಯ ಲೆಕ್ಕ ನಡೆಯುತ್ತಿತ್ತು, ನಿಜವಾದದ್ದು ಮಾಸ್ಕೋಗೆ, ಹೇಳಿಕೊಳ್ಳುವಂಥದ್ದು ಜಗತ್ತಿಗೆ. ಯೋಜನೆಯ ಗುರಿ ಮುಟ್ಟಿದರೆ ಬೋನಸ್, ಮೀರಿದರೆ ಪದಕ, ಮರುವರ್ಷ ಇನ್ನೂ ದೊಡ್ಡ ಗುರಿ. 1959ರಿಂದ 61ರ ಎರಡೇ ಋತುಗಳಲ್ಲಿ ದಕ್ಷಿಣ ಸಾಗರದಲ್ಲಿ ಸುಮಾರು 25,000 ಹಂಪ್‌ಬ್ಯಾಕ್ ತಿಮಿಂಗಿಲಗಳನ್ನು ಕೊಂದರು. ಪೂರ್ವ ಆಸ್ಟ್ರೇಲಿಯಾದ ತೀರದಲ್ಲಿ ಹಂಪ್‌ಬ್ಯಾಕ್‌ಗಳನ್ನೇ ನಂಬಿದ್ದ ಬೇಟೆ ಕೇಂದ್ರಗಳು 1962ರಲ್ಲಿ ಬಾಗಿಲು ಮುಚ್ಚಿದವು. ತಿಮಿಂಗಿಲಗಳೆಲ್ಲ ಎಲ್ಲಿ ಹೋದವು ಎಂದು ಅಲ್ಲಿನವರಿಗೆ ತಿಳಿಯಲಿಲ್ಲ.

ತಿಳಿದದ್ದು ಮೂವತ್ತು ವರ್ಷದ ನಂತರ. 1993ರಲ್ಲಿ ರಷ್ಯಾದ ವಿಜ್ಞಾನಿ ಅಲೆಕ್ಸಿ ಯಾಬ್ಲೊಕೊವ್ ಈ ಮೋಸವನ್ನು ಬಯಲಿಗಿಟ್ಟರು. ಹಡಗುಗಳಲ್ಲಿದ್ದ ಕೆಲವು ಜೀವಶಾಸ್ತ್ರಜ್ಞರು ನಿಜವಾದ ದಾಖಲೆಗಳನ್ನು ನಾಶಮಾಡದೆ ಬಚ್ಚಿಟ್ಟಿದ್ದರು, ಅವು ಒಂದೊಂದಾಗಿ ಹೊರಬಂದವು. ದಕ್ಷಿಣಾರ್ಧಗೋಳದಲ್ಲಿ ಯುದ್ಧಾನಂತರ ತಾವು ಹಿಡಿದ ಹಂಪ್‌ಬ್ಯಾಕ್‌ಗಳು 2,710 ಎಂದು ಸೋವಿಯತ್ ಸರ್ಕಾರ ವರದಿ ಕೊಟ್ಟಿತ್ತು. ನಿಜ ಸಂಖ್ಯೆ 48,000ಕ್ಕೂ ಹೆಚ್ಚು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ, ಹೊಲ ಮಾತ್ರ ಇಡೀ ದಕ್ಷಿಣ ಸಾಗರದಷ್ಟು. 1972ರಲ್ಲಿ ಒಂದು ದೇಶದ ಹಡಗಿಗೆ ಇನ್ನೊಂದು ದೇಶದ ವೀಕ್ಷಕ ಹತ್ತುವ ಪದ್ಧತಿ ಬಂದ ಮೇಲೆ ಆ ವಂಚನೆ ಬಹುಮಟ್ಟಿಗೆ ನಿಂತಿತು. ಅದಕ್ಕೆ ಹೊಸ ಶಿಕ್ಷೆ ಬೇಕಾಗಲಿಲ್ಲ, ಹೊಸ ಯುದ್ಧನೌಕೆಯೂ ಬೇಕಾಗಲಿಲ್ಲ. ಬೇರೆ ಊರಿನವನೊಬ್ಬ ಪೆನ್ನು ಹಿಡಿದು ಡೆಕ್ ಮೇಲೆ ನಿಂತ.

ಒಳ್ಳೆಯ ಉದಾಹರಣೆಯೂ ಇದೆ. ಅಂಟಾರ್ಕ್ಟಿಕದ ಕಡಲಜೀವಿಗಳ ಸಂರಕ್ಷಣೆಗೆ 1980ರಲ್ಲಿ ಸಹಿಯಾಗಿ 1982ರಲ್ಲಿ ಜಾರಿಗೆ ಬಂದ ಒಪ್ಪಂದದ ಆಯೋಗವನ್ನು ‘ಕ್ಯಾಮ್ಲರ್’ ಎನ್ನುತ್ತಾರೆ. ಕಚೇರಿ ಟಾಸ್ಮೇನಿಯಾದ ಹೋಬಾರ್ಟ್‌ನಲ್ಲಿ. ಟೂತ್‌ಫಿಶ್ ಹಿಡಿಯಲು ಕಿಲೋಮೀಟರುಗಟ್ಟಲೆ ಗಾಳದ ಹಗ್ಗ ಬಿಡುತ್ತಾರೆ. ಆ ಗಾಳದ ಮೀನಿಗೆ ಎರಗಿ ಆಲ್ಬಟ್ರಾಸ್ ಹಕ್ಕಿಗಳು ಮುಳುಗಿ ಸಾಯುತ್ತಿದ್ದವು. ಸೌತ್ ಜಾರ್ಜಿಯಾ ದ್ವೀಪದ ಸುತ್ತ 1997ರಲ್ಲಿ ಹೀಗೆ ಸತ್ತ ಕಡಲಹಕ್ಕಿಗಳು ಸಾವಿರಾರು. ಹಗ್ಗವನ್ನು ರಾತ್ರಿಯೇ ಇಳಿಸಬೇಕು, ಬೇಗ ಮುಳುಗುವಂತೆ ಭಾರ ಕಟ್ಟಬೇಕು, ಹಿಂದೆ ಬಣ್ಣದ ಪಟ್ಟಿಗಳನ್ನು ಹಾರಿಸಬೇಕು, ಮರಿ ಮಾಡುವ ಕಾಲದಲ್ಲಿ ಮೀನುಗಾರಿಕೆ ನಿಲ್ಲಿಸಬೇಕು ಎಂದು ನಿಯಮಗಳಾದವು. ಪ್ರತಿ ಪರವಾನಗಿ ಹಡಗಿನಲ್ಲೂ ವೀಕ್ಷಕ ಕೂತ. ಹತ್ತು ವರ್ಷದೊಳಗೆ ಅಲ್ಲಿ ಸಾಯುವ ಹಕ್ಕಿಗಳು ಬೆರಳೆಣಿಕೆಗೆ ಇಳಿದವು. ವೀಕ್ಷಕನಿಲ್ಲದ ಕಳ್ಳ ಹಡಗುಗಳ ಕಥೆಯೇ ಬೇರೆ. ಕ್ರೋಜೆ ದ್ವೀಪಗಳ ಸುತ್ತ ಗಾಳದಿಂದ ಮೀನು ಕೀಳುತ್ತಿದ್ದ ಓರ್ಕಾಗಳ ಸಂಖ್ಯೆ ತೊಂಬತ್ತರ ದಶಕದ ಕೊನೆಯಲ್ಲಿ ಕುಸಿದದ್ದಕ್ಕೆ ಅಂಥ ಹಡಗುಗಳವರು ಅವುಗಳನ್ನು ಕೊಂದದ್ದೂ ಕಾರಣ ಎಂದು ಸಂಶೋಧಕರು ಹೇಳುತ್ತಾರೆ.

2000ದಲ್ಲಿ ಟೂತ್‌ಫಿಶ್‌ಗೆ ಹಿಡಿದಲ್ಲಿಂದ ಮಾರುಕಟ್ಟೆಯವರೆಗೆ ದಾಖಲೆ ಪತ್ರ ಕಡ್ಡಾಯವಾಯಿತು. ಪತ್ರ ಬಂದ ಕೂಡಲೇ ಪತ್ರ ತಿದ್ದುವವರೂ ಬಂದರು. 2015ರ ಮಾರ್ಚ್‌ನಲ್ಲಿ ‘ಕುನ್ಲುನ್’ ಹಡಗು ಥಾಯ್ಲೆಂಡಿನ ಫುಕೆಟ್ ಬಂದರಿಗೆ ಬಂದು ತನ್ನ ಟೂತ್‌ಫಿಶ್ ಸರಕನ್ನು ಗ್ರೂಪರ್ ಮೀನು ಎಂದು ಬರೆಸಿತು. ಇಲ್ಲಿನ ಯಾವ ಮೀನು ಮಾರುವ ಅಕ್ಕನೂ ಆ ಸುಳ್ಳನ್ನು ನಿಮಿಷದಲ್ಲಿ ಹಿಡಿಯುತ್ತಿದ್ದಳು. ಅಲ್ಲಿಯೂ ಹಿಡಿದರು, ಹಡಗನ್ನು ತಡೆದರು. ಸೆಪ್ಟೆಂಬರಿನಲ್ಲಿ ಅದು ಮೀನಿನ ಸಮೇತ ಬಂದರಿನಿಂದಲೇ ಪರಾರಿಯಾಯಿತು!

ನಿಜವಾದ ಪೆಟ್ಟು ಬಿದ್ದದ್ದು ಸ್ಪೇನ್‌ನಲ್ಲಿ. 2014ರ ಕೊನೆಗೆ ಆ ದೇಶ ತನ್ನ ಕಾನೂನು ತಿದ್ದಿ, ಹಡಗಿಗೆ ಯಾವ ಧ್ವಜವಿದ್ದರೂ ಅದರ ಹಿಂದಿನ ಲಾಭ ತಿನ್ನುವ ಸ್ಪೇನ್ ಪ್ರಜೆಯನ್ನು ಶಿಕ್ಷಿಸಬಹುದು ಎಂದಿತು. ಗಲೀಷಿಯಾದಲ್ಲಿ ಇಂಥ ಹಡಗುಗಳ ಮಾಲೀಕರ ಕಚೇರಿಗಳಲ್ಲಿ ಕಡತ ಹುಡುಕಿದರು, 2016ರಲ್ಲಿ 1 ಕೋಟಿ 78 ಲಕ್ಷ ಯೂರೊ ದಂಡ ವಿಧಿಸಿದರು. ಕ್ರಿಮಿನಲ್ ಮೊಕದ್ದಮೆ ಮಾತ್ರ ಅದೇ ವರ್ಷ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು, ಅಂತರರಾಷ್ಟ್ರೀಯ ಸಮುದ್ರದಲ್ಲಿ ನಡೆದದ್ದರ ಮೇಲೆ ತಮಗೆ ಅಧಿಕಾರವಿಲ್ಲ ಎಂಬ ಕಾರಣಕ್ಕೆ. ಆದರೂ ಮಾಲೀಕನ ಟೇಬಲ್ ತನಕ ಹೋದ ಕಾನೂನು ಇದೊಂದೇ ನನಗೆ ಗಟ್ಟಿ ಎನಿಸುತ್ತದೆ.

ಇನ್ನು ಕ್ಯಾಮ್ಲರ್‌ನ ಒಮ್ಮತದ ನಿಯಮ. ಅಲ್ಲಿ ಒಂದು ದೇಶ ತಲೆಯಾಡಿಸದಿದ್ದರೆ ಏನೂ ನಡೆಯದು. 2020ರ ಜನವರಿಯಲ್ಲಿ ನ್ಯೂಜಿಲೆಂಡ್ ವಾಯುಪಡೆಯ ವಿಮಾನ ಅಂಟಾರ್ಕ್ಟಿಕದ ರಾಸ್ ಸಮುದ್ರದಲ್ಲಿ ಮೀನುಗಾರಿಕೆಗೆ ಮುಚ್ಚಿದ ವಲಯದಲ್ಲಿ ರಷ್ಯಾದ ‘ಪಾಮರ್’ ಹಡಗನ್ನು ಕಂಡು ಫೋಟೊ ತೆಗೆಯಿತು. ಹಡಗು ಅಲ್ಲಿರಲೇ ಇಲ್ಲ ಎಂದು ರಷ್ಯಾ ತನ್ನದೇ ಉಪಗ್ರಹ ದತ್ತಾಂಶ ತಂದು ವಾದಿಸಿತು. ಕಪ್ಪುಪಟ್ಟಿಗೆ ಹೆಸರು ಸೇರಲಿಲ್ಲ. ಆರೋಪಿಗೇ ವೀಟೋ ಇರುವ ನ್ಯಾಯಾಲಯವನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ. 2024ರಲ್ಲಿ ಕ್ರಿಲ್ ಹಿಡಿಯುವುದನ್ನು ಬೇರೆಬೇರೆ ವಲಯಗಳಿಗೆ ಹಂಚುತ್ತಿದ್ದ ನಿಯಮವೂ ಒಮ್ಮತ ಸಿಗದೆ ಬಿದ್ದುಹೋಯಿತು. ತಿಮಿಂಗಿಲ, ಪೆಂಗ್ವಿನ್, ಸೀಲ್ ಎಲ್ಲವೂ ತಿಂದು ಬದುಕುವ ಜೀವಿ ಈ ಕ್ರಿಲ್.

ಭಾರತ ಈ ಆಯೋಗದ ಸದಸ್ಯ, ಆದ್ದರಿಂದ ನಮಗೂ ಅಲ್ಲಿ ಬಾಯಿದೆ. ಮನೆಯೊಳಗೂ 2022ರಿಂದ ಭಾರತೀಯ ಅಂಟಾರ್ಕ್ಟಿಕ ಕಾಯ್ದೆ ಇದೆ. ಅನುಮತಿಯಿಲ್ಲದೆ ಅಲ್ಲಿಗೆ ಹೊರಗಿನ ಪ್ರಾಣಿಯನ್ನೋ ಸಸ್ಯವನ್ನೋ ಒಯ್ದರೆ ಏಳು ವರ್ಷದವರೆಗೆ ಜೈಲು. ಹೆಲಿಕಾಪ್ಟರ್ ಹಾರಿಸಿ ಹಕ್ಕಿಗಳ, ಸೀಲ್‌ಗಳ ಹಿಂಡಿಗೆ ತೊಂದರೆ ಕೊಡುವುದೂ ಅಪರಾಧವಾಗುತ್ತದೆ. ಓದಿದರೆ ಕಾಯ್ದೆ ಚೆನ್ನಾಗಿಯೇ ಇದೆ. ಆದರೆ ಅನುಮತಿ ಕೊಡುವ ಸಮಿತಿಯನ್ನು ನೋಡಿ. ಅಧ್ಯಕ್ಷರು ಭೂವಿಜ್ಞಾನ ಮಂತ್ರಾಲಯದ ಕಾರ್ಯದರ್ಶಿ. ಸದಸ್ಯರಲ್ಲಿ ಹತ್ತು ಮಂದಿ ಸರ್ಕಾರದ ಹಿರಿಯ ಅಧಿಕಾರಿಗಳು, ಇಬ್ಬರು ತಜ್ಞರು, ಅವರನ್ನೂ ನೇಮಿಸುವುದು ಸರ್ಕಾರವೇ. ಅಲ್ಲಿಗೆ ನಮ್ಮ ತಂಡಗಳನ್ನು ಕಳಿಸುವ ಗೋವಾದ ಸಂಸ್ಥೆ ಇರುವುದೂ ಅದೇ ಮಂತ್ರಾಲಯದ ಕೆಳಗೆ. ಹೋಗುವವರು, ಅನುಮತಿ ಕೊಡುವವರು, ಇನ್ಸ್‌ಪೆಕ್ಟರ್ ನೇಮಿಸುವವರು ಎಲ್ಲ ಒಂದೇ ಸೂರಿನಡಿ. ನಮ್ಮ ವಿಜ್ಞಾನಿಗಳ ಪ್ರಾಮಾಣಿಕತೆಯ ಮೇಲೆ ನನಗೆ ಅನುಮಾನವಿಲ್ಲ. ಆದರೂ ಪ್ರಾಮಾಣಿಕರಿಗೂ ಆಡಿಟ್ ಇರುತ್ತದಲ್ಲ!

ನಾಳೆ ಮಧ್ಯಾಹ್ನ ನಿರ್ಣಯಗಳ ಕರಡು ನಿಮ್ಮ ಮುಂದೆ ಬರುತ್ತದೆ. ಅದರಲ್ಲಿ ಎರಡು ಅಂಶ ಸೇರಿಸಬೇಕೆಂದು ಅಧ್ಯಕ್ಷನಾಗಿ ಕೋರುತ್ತೇನೆ. ಆ ಸಮಿತಿಯಲ್ಲಿ ಸರ್ಕಾರದ ಹೊರಗಿನ ಇಬ್ಬರಾದರೂ ಇರಬೇಕು, ಅದು ಕೊಟ್ಟ ಪ್ರತಿ ಅನುಮತಿಪತ್ರವೂ ಪ್ರತಿ ತಪಾಸಣಾ ವರದಿಯೂ ಸಾರ್ವಜನಿಕರಿಗೆ ಸಿಗಬೇಕು ಎಂಬುದು ಒಂದು. ಹಡಗು ಯಾವ ಧ್ವಜದ್ದೇ ಆಗಲಿ, ಅದರ ಲಾಭ ಪಡೆಯುವ ಭಾರತೀಯನನ್ನು ಹೊಣೆ ಮಾಡುವ ಸ್ಪೇನ್ ಮಾದರಿಯ ಕಲಮು ನಮ್ಮಲ್ಲೂ ಬರಬೇಕು ಎಂಬುದು ಇನ್ನೊಂದು. ಭಾಷೆಯನ್ನು ಬಿಗಿ ಮಾಡುವ ಕೆಲಸ ಇಲ್ಲಿರುವ ಕಿರಿಯ ವಕೀಲರದ್ದು. ಇವತ್ತು ಸಂಜೆಯೊಳಗೆ ನಿಮ್ಮ ತಿದ್ದುಪಡಿಗಳನ್ನು ಕಾರ್ಯದರ್ಶಿಯವರ ಕೈಗೆ ಕೊಡಿ.