ಅಸಲಿನ ಮೇಲೆ ಐದನೇ ಒಂದು ಪಾಲು



ಪತ್ರ ಬರೆಯುವ ಕೇಳುಗರು ಸುತ್ತಿ ಬಳಸಿ ಕೇಳುವುದು ಒಂದೇ ಪ್ರಶ್ನೆ. ಯೇಸು ಎಲ್ಲರಿಗಾಗಿ ಒಂದೇ ಸಲ ಬಲಿಯಾದ ಅಂತೀರಿ, ಹಾಗಾದರೆ ಹಳೆಯ ಒಡಂಬಡಿಕೆಯ ಆ ಕುರಿ, ಹೋತ, ರಕ್ತ ಎಲ್ಲ ಯಾಕಿತ್ತು? ದೇವರಿಗೆ ರಕ್ತ ಕಂಡರೇ ಸಮಾಧಾನವೇ? ನನ್ನ ಪಾಪ ನಿಜಕ್ಕೂ ಪರಿಹಾರವಾಯಿತು ಅಂತ ನಂಬುವುದು ಹೇಗೆ?

ರಕ್ತದ ಮಾತನ್ನು ಬೇಗ ಮುಗಿಸುತ್ತೇನೆ. ಯಾಜಕಕಾಂಡದ 17ನೇ ಅಧ್ಯಾಯದಲ್ಲಿ, ಯಜ್ಞವೇದಿಯ ಮೇಲಿನ ಆ ರಕ್ತವನ್ನು ಜನರ ದೋಷಪರಿಹಾರಕ್ಕೆಂದು ಕೊಟ್ಟವನು ದೇವರೇ. ಹಸಿದ ದೇವರಿಗೆ ಎಡೆ ಇಡುವ ವ್ಯವಹಾರ ಅದಲ್ಲ. ಕುರಿ ತರಲಾಗದವನು ಎರಡು ಪಾರಿವಾಳ ತರಬಹುದಿತ್ತು. ಅದಕ್ಕೂ ಗತಿಯಿಲ್ಲದವನಿಗೆ ಏಫಾದ ಹತ್ತನೇ ಒಂದು ಪಾಲು, ಅಂದರೆ ಸುಮಾರು ಎರಡು ಲೀಟರ್ ಅಳತೆಯ ಗೋಧಿಹಿಟ್ಟು ಸಾಕು. ಎಣ್ಣೆ ಬೇಡ, ಧೂಪ ಬೇಡ. ರಕ್ತದಾಹಿ ದೇವರು ಅನ್ನುವವರು ಇದನ್ನು ಹೇಳುವ ಐದನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಪುಸ್ತಕ ಮುಚ್ಚಿರುತ್ತಾರೆ.

ನನ್ನ ಮಾತಿರುವುದು ಆರನೇ ಅಧ್ಯಾಯದ ಬಗ್ಗೆ. ಒಬ್ಬನು, ನೆರೆಯವನು ನಂಬಿ ಇಟ್ಟ ಒಡವೆಯನ್ನು ಇಲ್ಲವೆಂದ. ಇನ್ನೊಬ್ಬ ದಾರಿಯಲ್ಲಿ ಸಿಕ್ಕಿದ್ದನ್ನು ಸಿಕ್ಕೇ ಇಲ್ಲ ಅಂತ ಆಣೆ ಇಟ್ಟ. ಇಂಥವನು ಮೊದಲು ಏನು ತರಬೇಕು? ಟಗರಲ್ಲ. ಮೊದಲು ಅಸಲು. ಅಸಲಿನ ಮೇಲೆ ಐದನೇ ಒಂದು ಪಾಲು. ಐದು ಸಾವಿರ ನುಂಗಿದ್ದರೆ ಆರು ಸಾವಿರ ಎಣಿಸಿ ಕಳಕೊಂಡವನ ಕೈಗೇ ಕೊಡಬೇಕು. ಆಮೇಲೆ ಟಗರು, ಆಮೇಲೆ ಯಾಜಕ. ಕಳಕೊಂಡವನು ಸತ್ತಿದ್ದರೆ? ಹತ್ತಿರದ ಬಂಧುವಿಗೆ. ಬಂಧುವೂ ಇಲ್ಲದಿದ್ದರೆ ಯಾಜಕನಿಗೆ ಸಲ್ಲಬೇಕು ಅನ್ನುತ್ತದೆ ಅರಣ್ಯಕಾಂಡ. ಸಾಲಗಾರ ಮಾತ್ರ ಆ ಹಣವನ್ನು ಇಟ್ಟುಕೊಳ್ಳುವ ಹಾಗಿಲ್ಲ.

ಇನ್ನೊಮ್ಮೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೊದಲು ಮನುಷ್ಯ, ಆಮೇಲೆ ವೇದಿ. ಕಾಣಿಕೆಯನ್ನು ವೇದಿಯ ಮುಂದೆಯೇ ಬಿಟ್ಟು ಸಹೋದರನ ಹತ್ತಿರ ಹೋಗು ಅಂತ ಬೆಟ್ಟದ ಮೇಲೆ ಯೇಸು ಹೇಳಿದ್ದೂ ಇದನ್ನೇ. ಯೆಹೂದಿ ಗುರುಗಳ ಮಿಷ್ನಾ ಗ್ರಂಥದಲ್ಲೂ, ನೆರೆಯವನನ್ನು ಸಮಾಧಾನ ಮಾಡದೆ ದೋಷಪರಿಹಾರದ ಮಹಾದಿನವೂ ಆ ಪಾಪವನ್ನು ಕಳೆಯದು ಎಂದಿದೆ.

ನಾನು ಸಭಾಪಾಲಕನಾಗಿದ್ದಾಗ ಒಬ್ಬರು ಪ್ರತಿ ಶುಭ ಶುಕ್ರವಾರ ಕಣ್ಣೀರಿಡುತ್ತ ಬರುತ್ತಿದ್ದರು. "ಅಯ್ಯನವರೇ, ಪ್ರಾರ್ಥನೆ ಮಾಡಿ, ಮನಸ್ಸಿಗೆ ನೆಮ್ಮದಿಯಿಲ್ಲ." ಆರು ವರ್ಷ ಮಾಡಿದೆ. ಏಳನೇ ವರ್ಷ ತಡೆಯಲಾರದೆ ಕೇಳಿದೆ: "ತಮ್ಮನ ಪಾಲಿನ ಎರಡು ಎಕರೆ ಬಿಟ್ಟುಕೊಟ್ಟಿರಾ?" ಕರವಸ್ತ್ರ ಮಡಚಿ ಜೇಬಿಗಿಟ್ಟುಕೊಂಡು ಎದ್ದುಹೋದರು. ಮರುವರ್ಷ ಬೇರೆ ಸಭೆಗೆ ಹೋದರಂತೆ. ಆರು ವರ್ಷ ಸುಮ್ಮನಿದ್ದ ತಪ್ಪು ನನ್ನದೂ ಹೌದು.

ಹಾಗಾದರೆ ಕ್ಷಮೆಯನ್ನು ದುಡ್ಡಿಗೆ ಕೊಳ್ಳುವುದೇ ಅಂತ ಜಗಳಕ್ಕೆ ಬರಬೇಡಿ. ಸುಂಕ ವಸೂಲಿಯ ಜಕ್ಕಾಯನ ಮನೆಗೆ ಯೇಸು ತಾನಾಗಿಯೇ ಬರುತ್ತೇನೆಂದ. ನಾಲ್ಕರಷ್ಟು ಹಿಂತಿರುಗಿಸುತ್ತೇನೆ ಅನ್ನುವ ಮಾತು ಜಕ್ಕಾಯನ ಬಾಯಲ್ಲಿ ಬಂದದ್ದು ಆಮೇಲೆ. ಕೃಪೆ ಬಾಗಿಲು ತಟ್ಟಿದ ಮೇಲೆ ಲೆಕ್ಕದ ಪುಸ್ತಕ ತೆರೆಯಿತು.

ಸ್ಟುಡಿಯೊದ ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ. ಉಳಿದದ್ದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಕ್ರಿಸ್ತಶಕ 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದಾಗ ಅಲ್ಲಿನ ಯಜ್ಞಗಳು ನಿಂತವು. ಕ್ರೈಸ್ತರಿಗೆ ಅದಕ್ಕೂ ಮೊದಲೇ ಯಜ್ಞ ಮುಗಿದಿತ್ತು. ಇಬ್ರಿಯರಿಗೆ ಬರೆದ ಪತ್ರಿಕೆಯ ಹತ್ತನೇ ಅಧ್ಯಾಯ ನೋಡಿ: ಯಾಜಕರು ದಿನಾ ನಿಂತುಕೊಂಡೇ ಅವೇ ಯಜ್ಞಗಳನ್ನು ಮತ್ತೆ ಮತ್ತೆ ಅರ್ಪಿಸುತ್ತಾರೆ, ಕ್ರಿಸ್ತ ಒಂದೇ ಯಜ್ಞ ಅರ್ಪಿಸಿ ಕುಳಿತುಕೊಂಡ. ಕೆಲಸ ಮುಗಿದವನು ತಾನೇ ಕುಳಿತುಕೊಳ್ಳುವುದು? ನನ್ನ ಪಾಪ ಪರಿಹಾರವಾಯಿತೇ ಅಂತ ರಾತ್ರಿ ನಿದ್ದೆಗೆಡುವವರು ಆ ಕುಳಿತವನನ್ನು ನೆನೆದು ಮಲಗಿ. ಯಾರದಾದರೂ ಬಾಕಿ ನಿಮ್ಮ ಹತ್ತಿರ ಉಳಿದಿದ್ದರೆ ಬೆಳಿಗ್ಗೆ ಎದ್ದು ಕೊಟ್ಟುಬನ್ನಿ, ಐದನೇ ಒಂದು ಪಾಲನ್ನೂ ಸೇರಿಸಿ.