ಒಂದೇ ನವಿಲು, ಮೂರು ಪ್ರಾಜೆಕ್ಟ್
(ಮಹಿಳಾ ವೇದಿಕೆಯಲ್ಲಿ ಮಾಡಿದ ಮಾತು)



ಸಾಫ್ಟ್‌ವೇರ್ ವಿಷಯ ಎಂದ ಕೂಡಲೇ ಅರ್ಧ ಸಭೆ ಮೊಬೈಲ್ ನೋಡತೊಡಗುತ್ತದೆ, ಗೊತ್ತು. ಹಾಗಾಗಿ ಸೀರೆಯಿಂದಲೇ ಶುರು ಮಾಡುತ್ತೇನೆ.

ಪೈಠಣಿಗೆ ಹೆಸರು ಬಂದದ್ದು ಸಂಭಾಜಿನಗರ ಜಿಲ್ಲೆಯ ಪೈಠಣದಿಂದ. ಇಂದು ಅದನ್ನು ಕೊಳ್ಳಲು ಜನ ಹೋಗುವುದು ನಮ್ಮ ನಾಸಿಕ್ ಜಿಲ್ಲೆಯ ಯೇವಲಾಕ್ಕೆ. 2010ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿತು. ಕೈಮಗ್ಗದ ಪೈಠಣಿಯ ಸೆರಗು ತಿರುಗಿಸಿ ನೋಡಿದರೆ ಹಿಂದೆಯೂ ಮುಂದಿನಂತೆಯೇ ನವಿಲು ಕಾಣುತ್ತದೆ. ಯಂತ್ರದ ನಕಲಿನಲ್ಲಿ ಸಾಮಾನ್ಯವಾಗಿ ಹಿಂದೆ ಬಿಡಿ ಎಳೆಗಳು ಜೋತಾಡುತ್ತವೆ. ಬೆಲೆಯಲ್ಲಂತೂ ಅಜಗಜಾಂತರ.

ಈಗ ಯೇವಲಾದ ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಅವರಿಗೆ ವೆಬ್‌ಸೈಟ್ ಬೇಕು, ಮೊಬೈಲ್ ಆ್ಯಪ್ ಬೇಕು, ಬಿಲ್ಲಿನ ಸಾಫ್ಟ್‌ವೇರ್ ಬೇಕು. ಮೂರಕ್ಕೂ ಅದೇ ಫೋಟೋ, ಅದೇ ಲೋಗೋ, ಮರಾಠಿ ಮತ್ತು ಕನ್ನಡದಲ್ಲಿ ಅದೇ ವಿವರಣೆ. ಅವಸರದಲ್ಲಿ ಎಲ್ಲರೂ ಮಾಡುವುದು ಕಾಪಿ, ಪೇಸ್ಟ್. ಆರು ತಿಂಗಳ ನಂತರ ಒಂದು ಸೀರೆಯ ವಿವರಣೆಯಲ್ಲಿ ‘ಕೈಮಗ್ಗ’ ಎಂದು ತಪ್ಪಾಗಿ ಬಿದ್ದಿದೆ ಎಂದು ತಿಳಿದು ವೆಬ್‌ಸೈಟಿನಲ್ಲಿ ತಿದ್ದುತ್ತಾರೆ. ಬಿಲ್ಲಿನಲ್ಲಿ ‘ಕೈಮಗ್ಗ’ ಹಾಗೇ ಉಳಿಯುತ್ತದೆ. ಮಗಳ ಮದುವೆಗೆಂದು ಸಾವಿರಾರು ರೂಪಾಯಿ ಕೊಟ್ಟ ತಾಯಿ ಆ ಬಿಲ್ ಹಿಡಿದು ಬಂದರೆ ಅಂಗಡಿಯವರು ಏನು ಹೇಳಬೇಕು?

ಆದ್ದರಿಂದ ಒಂದು ದೊಡ್ಡ ಫೋಲ್ಡರ್ ಮಾಡಿ. ಅದರೊಳಗೆ ವೆಬ್, ಆ್ಯಪ್, ಬಿಲ್ ಎಂಬ ಮೂರು ಪ್ರಾಜೆಕ್ಟ್, ಪಕ್ಕದಲ್ಲೇ ‘ಸಾಮಾನ್ಯ’ ಎಂಬ ನಾಲ್ಕನೆಯ ಫೋಲ್ಡರ್. ಫೋಟೋ, ವಿವರಣೆ ಎಲ್ಲ ಅದರಲ್ಲಿ ಮಾತ್ರ. ಪ್ರತಿ ಪ್ರಾಜೆಕ್ಟ್ ಅದನ್ನು ಹೀಗೆ ಕರೆಯುತ್ತದೆ: ../ಸಾಮಾನ್ಯ/ನವಿಲು.ಜೆಪಿಜಿ. ಎರಡು ಚುಕ್ಕೆ ಎಂದರೆ ಒಂದು ಮೆಟ್ಟಿಲು ಮೇಲೆ ಹೋಗು ಎಂದು. ಇದೇ ರಿಲೇಟಿವ್ ಪಾತ್. (ನಿಜವಾದ ಕೆಲಸದಲ್ಲಿ ಫೈಲಿನ ಹೆಸರು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲೇ ಇರಲಿ. ವಿಂಡೋಸ್ ದೊಡ್ಡಕ್ಷರ ಸಣ್ಣಕ್ಷರ ಎಂದು ಭೇದ ಮಾಡುವುದಿಲ್ಲ, ಲಿನಕ್ಸ್ ಮಾಡುತ್ತದೆ.) ಸಿ ಡ್ರೈವಿನಿಂದ ಶುರುವಾಗುವ ಪೂರ್ತಿ ವಿಳಾಸ ಬರೆದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ಗೆಳತಿಯ ಲ್ಯಾಪ್‌ಟಾಪಿನಲ್ಲಿ ಓಡುವುದಿಲ್ಲ.

ತೊಡಕು ಇರುವುದು ‘ಎಲ್ಲಿಂದ?’ ಎಂಬ ಪ್ರಶ್ನೆಯಲ್ಲಿ. ನಾನು ‘ಅತ್ತೆ’ ಎಂದು ಕರೆಯುವವರು ನನ್ನ ಯಜಮಾನರಿಗೆ ‘ಅಮ್ಮ’, ನನ್ನ ಮಗಳಿಗೆ ‘ಅಜ್ಜಿ’. ವ್ಯಕ್ತಿ ಒಬ್ಬರೇ, ಕರೆಯುವವರು ಬೇರೆ. ಪಾತ್ ಕೂಡ ಹಾಗೆಯೇ. ಸಿಎಸ್‌ಎಸ್‌ನಲ್ಲಿ ಬರೆದದ್ದನ್ನು ಆ ಸಿಎಸ್‌ಎಸ್ ಫೈಲ್ ಇರುವ ಜಾಗದಿಂದ ಎಣಿಸಲಾಗುತ್ತದೆ. ವಿಷುಯಲ್ ಸ್ಟುಡಿಯೋದಲ್ಲಿ ಪ್ರಾಜೆಕ್ಟ್ ಫೈಲ್ ಇರುವ ಜಾಗದಿಂದ. ಪೈಥಾನ್ ಪ್ರೋಗ್ರಾಂ ಫೈಲ್ ತೆರೆಯುವಾಗ ಮಾತ್ರ, ಪ್ರೋಗ್ರಾಂ ಎಲ್ಲಿದೆ ಎಂದಲ್ಲ, ಅದನ್ನು ಯಾವ ಫೋಲ್ಡರಿನಲ್ಲಿ ನಿಂತು ಓಡಿಸಿದಿರಿ ಎಂಬುದರಿಂದ. ಹೊಸಬರು ಹೆಚ್ಚು ಹೊತ್ತು ಒದ್ದಾಡುವುದು ಇಲ್ಲೇ.

ಇನ್ನೊಂದು ಮಾತು. ವೆಬ್‌ಸೈಟನ್ನು ಸರ್ವರಿಗೆ ಏರಿಸುವಾಗ ವೆಬ್ ಫೋಲ್ಡರ್ ಒಂದೇ ಹೋಗುತ್ತದೆ, ಪಕ್ಕದ ಮನೆ ಹೋಗುವುದಿಲ್ಲ. ಬ್ರೌಸರ್ ಆ ಸೈಟಿನ ಬುಡಕ್ಕಿಂತ ಮೇಲೆ ಹತ್ತಲಾರದು. ಆದ್ದರಿಂದ ಬಿಲ್ಡ್ ಆಗುವಾಗ ‘ಸಾಮಾನ್ಯ’ದಿಂದ ತಾನಾಗಿ ಕಾಪಿ ಆಗುವಂತೆ ಒಂದು ಸಾಲು ಸೇರಿಸಿ. ವಿಷುಯಲ್ ಸ್ಟುಡಿಯೋದಲ್ಲಿ ‘ಆ್ಯಡ್ ಆ್ಯಸ್ ಲಿಂಕ್’ ಎಂದು ಸೇರಿಸಿ, ಔಟ್‌ಪುಟ್ಟಿಗೆ ಕಾಪಿ ಆಗಲಿ ಎಂದು ಹೇಳಿದರೆ ಸಾಕು. ಯಂತ್ರ ಪ್ರತಿಸಲ ಮೂಲದಿಂದ ಮಾಡುವ ಕಾಪಿಗೆ ನನ್ನ ತಕರಾರಿಲ್ಲ. ಕೈಯಿಂದ ಮಾಡಿ ಮರೆತುಬಿಡುವ ಕಾಪಿಯದ್ದೇ ಭಯ. ಗಿಟ್ ಬಳಸುವವರು ನಾಲ್ಕೂ ಫೋಲ್ಡರನ್ನು ಒಂದೇ ರೆಪಾಸಿಟರಿಯಲ್ಲಿ ಇಡಿ. ಸಣ್ಣ ತಂಡಕ್ಕೆ ಸಬ್‌ಮಾಡ್ಯೂಲ್ ತಲೆನೋವು ಬೇಡ ಎಂಬುದು ನನ್ನ ಅಭಿಪ್ರಾಯ. ಪಾಸ್‌ವರ್ಡ್ ಇರುವ ಫೈಲನ್ನು ಮಾತ್ರ ‘ಸಾಮಾನ್ಯ’ದಲ್ಲಿ ಹಾಕಲೇಬೇಡಿ.

ಸರಿಯಾಗಿದೆಯೇ ಎಂದು ನೋಡಲು ಆ ದೊಡ್ಡ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ, ಬೇರೆಯವರ ಲ್ಯಾಪ್‌ಟಾಪಿನಲ್ಲಿ ತೆರೆದು, ಮೂರೂ ಪ್ರಾಜೆಕ್ಟ್ ಓಡಿಸಿ. ಮೂರರಲ್ಲೂ ನವಿಲು ಕಾಣಬೇಕು. ಕಾಣದಿದ್ದರೆ ಚಹಾದ ಹೊತ್ತಿನಲ್ಲಿ ನನ್ನ ಹತ್ತಿರ ಬನ್ನಿ, ಕೂತು ನೋಡೋಣ.