ನೆಲಕ್ಕೆ ಮರಳುವ ತರುಣರು

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಬೆಂಗಳೂರಿನ ಕಂಪ್ಯೂಟರ್ ಕಚೇರಿಗಳನ್ನು ಬಿಟ್ಟು ಸಾವಯವ ಬೇಸಾಯ ಕಲಿಯಲು ಹೊರಟ ತರುಣರನ್ನು ನಮ್ಮಲ್ಲಿ ಕೆಲವರು ಹಾಸ್ಯ ಮಾಡುತ್ತಾರೆ. ಅದು ಸರಿಯಲ್ಲ. ಸೆಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು ಕಲಸಿ ಜೀವಾಮೃತ ಮಾಡುವುದನ್ನು, ಹೊದಿಕೆ ಹಾಕಿ ಮಣ್ಣಿನ ತೇವ ಉಳಿಸುವುದನ್ನು, ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಬಿಡುವುದನ್ನು ಅವರು ಕಲಿಯುತ್ತಿದ್ದಾರೆ. ಗೊಬ್ಬರಕ್ಕಾಗಿ ಮಾಡುವ ಸಾಲವನ್ನು ತಗ್ಗಿಸುವ ವಿದ್ಯೆಯಿದು.

ಈ ಹಾದಿ ಹೊಸದೂ ಅಲ್ಲ. ಜಪಾನಿನ ಮಸನೊಬು ಫುಕುವೋಕಾ 1930ರ ದಶಕದಲ್ಲಿ ಯೊಕೊಹಾಮಾ ಸುಂಕದ ಕಚೇರಿಯ ಕೆಲಸ ಬಿಟ್ಟು ಊರಿಗೆ ಮರಳಿದರು. ಆದರೆ ಅವರಿಗೆ ತಂದೆಯ ಕಿತ್ತಳೆ ತೋಟವಿತ್ತು. ನಿಮ್ಮ ಮಕ್ಕಳಿಗೆ ಏನಿದೆ?

ಬೇಸಾಯಗಾರರಲ್ಲದವರು, ಬೇರೆ ವರಮಾನ ಹೆಚ್ಚಿದ್ದವರು ಸಾಗುವಳಿ ಜಮೀನು ಕೊಳ್ಳದಂತೆ ಕರ್ನಾಟಕದ ಭೂಸುಧಾರಣಾ ಕಾಯಿದೆಗೆ 1974ರಲ್ಲಿ 79ಎ, 79ಬಿ ಕಲಮುಗಳನ್ನು ಸೇರಿಸಲಾಗಿತ್ತು. 2020ರಲ್ಲಿ ಅವನ್ನು ಕಿತ್ತುಹಾಕಲಾಯಿತು. ತರುಣರಿಗೆ ಬಾಗಿಲು ತೆರೆಯಿತು, ನಿಜ. ಅದೇ ಬಾಗಿಲಿನಿಂದ ನಿವೇಶನದ ವ್ಯಾಪಾರಿಯೂ ಬರಬಲ್ಲ. ಗಿರಣಿಯ ಕಾರ್ಮಿಕ ತನ್ನ ಸಂಬಳದಲ್ಲಿ ಎಷ್ಟು ಗುಂಟೆ ಕೊಂಡಾನು?

ಆ ತರುಣರಿಗೆ ಸ್ವಾಗತ ಹೇಳೋಣ. ಜೊತೆಗೆ ಎರಡು ಮಾತು ಕೇಳೋಣ: ನಿಮಗೆ ಬಿತ್ತನೆ ಕಲಿಸುವ ಕೂಲಿಕಾರರಿಗೆ ನ್ಯಾಯವಾದ ಕೂಲಿ ಕೊಡಿ, ನೆಲವಿಲ್ಲದವರ ಬೇಡಿಕೆಗೆ ದನಿಗೂಡಿಸಿ. 1951ರಲ್ಲಿ ಕಾಗೋಡಿನ ಗೇಣಿದಾರರು ಎತ್ತಿದ ಪ್ರಶ್ನೆ ಇನ್ನೂ ಮುಗಿದಿಲ್ಲ.